ನಿಂತು ತೂಕಡಿಸಿದರೆ ಸಾಲದು

ಪ್ರಶ್ನೆ: ನಮ್ಮದು ಖಾನಾಪುರ ತಾಲ್ಲೂಕಿನ ಜಾಂಬೋಟಿ ಕಡೆಯ ಹಳ್ಳಿ. ಬೆಳಗಾವಿಯಲ್ಲಿ ಮದುವೆ ಮೆರವಣಿಗೆಗೆ ಕುದುರೆ ಬಿಡುತ್ತಿದ್ದವರ ಹತ್ತಿರ ಹೋದ ಬೇಸಿಗೆಯಲ್ಲಿ ಒಂದು ಹೆಣ್ಣುಕುದುರೆ ಕೊಂಡು ತಂದೆವು. ಎಮ್ಮೆ ಮಾರಿದ ಮೇಲೆ ಖಾಲಿ ಬಿದ್ದಿದ್ದ ಕೊಟ್ಟಿಗೆಯಲ್ಲಿ ಕಟ್ಟುತ್ತಿದ್ದೇವೆ. ಮೇವು, ನೀರು, ಹುರುಳಿ ಯಾವುದಕ್ಕೂ ಕಡಿಮೆ ಮಾಡಿಲ್ಲ. ಆದರೆ ಅದು ಮಲಗಿದ್ದನ್ನು ಮನೆಯಲ್ಲಿ ಯಾರೂ ನೋಡಿಲ್ಲ. ಈಚೆಗೆ ನಿಂತಲ್ಲೇ ತೂಕಡಿಸಿ ಮುಂಗಾಲು ಮಡಚಿ ಮುಗ್ಗರಿಸುತ್ತದೆ, ಬೆಚ್ಚಿ ಎದ್ದು ನಿಲ್ಲುತ್ತದೆ. ‘ಕುದುರೆ ನಿಂತೇ ನಿದ್ದೆ ಮಾಡೂದು, ಚಿಂತಿ ಬ್ಯಾಡ’ ಎನ್ನುತ್ತಾರೆ ನಮ್ಮ ಅಜ್ಜ. ನಿಜವೇ? ಕೊಟ್ಟಿಗೆಗೂ ಅದರ ನಿದ್ದೆಗೂ ಏನಾದರೂ ಸಂಬಂಧ ಇದೆಯೇ?

ಉತ್ತರ: ಅಜ್ಜನ ಮಾತು ಅರ್ಧ ನಿಜ. ಕುದುರೆ ನಿಂತು ನಿದ್ದೆ ಮಾಡಬಲ್ಲದು, ಆದರೆ ಆ ನಿದ್ದೆಯೊಂದರಿಂದಲೇ ಬಾಳಲಾರದು. ದಿನದಲ್ಲಿ ಸ್ವಲ್ಪ ಹೊತ್ತಾದರೂ ಅದು ನೆಲಕ್ಕೆ ಒರಗಲೇಬೇಕು. ನೀವು ಬರೆದ ಲಕ್ಷಣ ನೋಡಿದರೆ, ಆ ಸ್ವಲ್ಪ ಹೊತ್ತು ನಿಮ್ಮ ಕುದುರೆಗೆ ಬಹಳ ದಿನಗಳಿಂದ ಸಿಕ್ಕಿಲ್ಲ ಅನಿಸುತ್ತದೆ. ಕೊಟ್ಟಿಗೆಗೂ ನಿದ್ದೆಗೂ ಸಂಬಂಧ ಇದೆಯೇ ಎಂದು ಕೇಳಿದ್ದೀರಿ. ತುಂಬ ಇದೆ.

ಮೊದಲು ಒಂದು ಕೆಲಸ ಮಾಡಿ. ಹಗಲು ಬೆಳಕಿನಲ್ಲಿ ಅದರ ಮುಂಗಾಲುಗಳ ಮುಂದೆ ಕುಳಿತು ನೋಡಿ. ಗೊರಸಿನ ಮೇಲೆ ಬರುವ ಗಿಣ್ಣಿನ ಮುಂಭಾಗದಲ್ಲಿ, ಮೊಣಕಾಲಿನ ಮೇಲೆ, ಕೂದಲು ಉದುರಿ ಚರ್ಮ ಹೊಳೆಯುತ್ತಿದೆಯೇ? ಹಳೆಯ ಗಾಯ ಒಣಗಿ ಅದರ ಮೇಲೆ ಹೊಸ ಗಾಯ ಆಗಿದೆಯೇ? ಎರಡೂ ಕಾಲಿಗೆ ಒಂದೇ ಜಾಗದಲ್ಲಿ ಇಂಥ ಗಾಯ ಇದ್ದರೆ, ನೀವು ನೋಡದ ವೇಳೆಯಲ್ಲೂ ಅದು ಮತ್ತೆ ಮತ್ತೆ ಮುಗ್ಗರಿಸಿದೆ ಎಂದು ತಿಳಿಯಿರಿ. ಇದನ್ನು ಎಷ್ಟೋ ಜನ ಮೂರ್ಛೆರೋಗ ಎಂದುಕೊಳ್ಳುತ್ತಾರೆ, ಕೆಲವರು ಕಾಲು ಸೋತಿದೆ ಎಂದು ಎಣ್ಣೆ ತಿಕ್ಕುತ್ತಾರೆ. ಬಹಳ ಸಲ ಅದು ನಿದ್ದೆಗೆಟ್ಟ ಕುದುರೆ, ಅಷ್ಟೆ.

ಕುದುರೆ ನಿಂತು ವಿಶ್ರಾಂತಿ ತೆಗೆದುಕೊಳ್ಳುವ ರೀತಿ ನಿಜಕ್ಕೂ ಅಚ್ಚರಿಯದು. ಮಧ್ಯಾಹ್ನದ ಹೊತ್ತು ಗಮನಿಸಿದರೆ ನಿಮಗೂ ಕಾಣುತ್ತದೆ. ಕತ್ತು ಬೆನ್ನಿನ ಮಟ್ಟಕ್ಕೆ ಇಳಿಯುತ್ತದೆ, ಕೆಳದುಟಿ ಜೋಲುತ್ತದೆ, ಕಿವಿಗಳು ಎರಡು ಪಕ್ಕಕ್ಕೆ ವಾಲುತ್ತವೆ, ಒಂದು ಹಿಂಗಾಲು ಗೊರಸಿನ ತುದಿಯ ಮೇಲಷ್ಟೇ ನಿಲ್ಲುತ್ತದೆ. ಭಾರ ಹೊತ್ತ ಇನ್ನೊಂದು ಹಿಂಗಾಲಿನ ಮಂಡಿಚಿಪ್ಪು ತೊಡೆಯೆಲುಬಿನ ತುದಿಯಲ್ಲಿರುವ ಉಬ್ಬಿಗೆ ಸಿಕ್ಕಿ ಕಾಲು ಮಡಚದಂತೆ ಹಿಡಿದುಕೊಳ್ಳುತ್ತದೆ. ಮುಂಗಾಲುಗಳಲ್ಲಿ ಗಟ್ಟಿಯಾದ ಸ್ನಾಯುಬಂಧಗಳೇ ಮೈಭಾರ ತಾಳುತ್ತವೆ. ಹೀಗಾಗಿ ಸ್ನಾಯು ದಣಿಯದೆ ನಿಲ್ಲಬಹುದು. ಕೆಲವು ನಿಮಿಷಕ್ಕೊಮ್ಮೆ ಕಾಲು ಬದಲಿಸಿ ಮತ್ತೆ ತೂಕಡಿಸುತ್ತದೆ. ಬಯಲಿನಲ್ಲಿ ಹುಲಿ, ತೋಳಗಳ ಬಾಯಿಗೆ ಬೀಳದೆ ಉಳಿದು ಬಂದ ಪ್ರಾಣಿಗೆ ಈ ಏರ್ಪಾಟು ಬೇಕೇ ಬೇಕಿತ್ತು. ಕಣ್ಣು ತೆರೆದ ಮರುಕ್ಷಣ ಓಡಬಹುದಲ್ಲ!

ಆದರೆ ನಿದ್ದೆಯಲ್ಲಿ ಇನ್ನೊಂದು ಹಂತ ಇದೆ, ಕನಸಿನ ನಿದ್ದೆ. ಮನುಷ್ಯರಿಗೆ ಇರುವಂತೆ ಕುದುರೆಗೂ ಇದೆ. ಆ ಹಂತದಲ್ಲಿ ಮೈಯ ಸ್ನಾಯುಗಳೆಲ್ಲ ಸಡಿಲಾಗುತ್ತವೆ, ಕತ್ತನ್ನು ಎತ್ತಿ ಹಿಡಿಯುವ ಶಕ್ತಿಯೂ ಉಳಿಯುವುದಿಲ್ಲ. ನಿಂತು ಈ ನಿದ್ದೆ ಮಾಡಲು ಸಾಧ್ಯವೇ ಇಲ್ಲ. ಕಾಲು ಮಡಚಿ ಎದೆಯ ಮೇಲೆ ಕುಳಿತು ಮೂತಿಯನ್ನು ನೆಲಕ್ಕೆ ಊರಬೇಕು, ಇಲ್ಲವೇ ಪೂರ್ತಿ ಪಕ್ಕಕ್ಕೆ ಉರುಳಿ ಕಾಲು ಚಾಚಬೇಕು. ಫ್ರಾನ್ಸಿನ ತುಲೂಸ್ ಪಶುವೈದ್ಯ ಶಾಲೆಯಲ್ಲಿ ಯ್ವ್ ರುಕಬುಶ್ ಎಂಬ ವಿಜ್ಞಾನಿ 1970ರ ದಶಕದಲ್ಲಿ ಕುದುರೆ, ದನ, ಕುರಿ, ಹಂದಿಗಳ ಮಿದುಳಿನ ಅಲೆಗಳನ್ನು ದಾಖಲಿಸಿ ನೋಡಿದರು. ಕುದುರೆಯ ಕನಸಿನ ನಿದ್ದೆ ದಿನಕ್ಕೆ ಸುಮಾರು ಮುಕ್ಕಾಲು ಗಂಟೆ ಮಾತ್ರ ಎಂದು ಕಂಡಿತು. ಎಲ್ಲ ಬಗೆಯ ನಿದ್ದೆ ಸೇರಿಸಿದರೂ ಮೂರರಿಂದ ಐದು ಗಂಟೆ. ಅದೂ ಒಂದೇ ಸಲಕ್ಕಲ್ಲ, ತುಂಡು ತುಂಡಾಗಿ, ಹೆಚ್ಚಾಗಿ ನಡುರಾತ್ರಿಯಿಂದ ಬೆಳಗಿನ ಜಾವದ ನಡುವೆ. ನೀವು ಗಾಢ ನಿದ್ದೆಯಲ್ಲಿರುವ ಹೊತ್ತು ಅದು. ಆದ್ದರಿಂದ ‘ಯಾರೂ ನೋಡಿಲ್ಲ’ ಎಂಬುದೊಂದೇ ಆಗಿದ್ದರೆ ನಾನು ಹೆದರುತ್ತಿರಲಿಲ್ಲ. ಮುಗ್ಗರಿಸುತ್ತದೆ ಎಂದಿರಲ್ಲ, ಅದಕ್ಕೇ ಇಷ್ಟು ಬರೆಯುತ್ತಿರುವುದು.

ಮುಕ್ಕಾಲು ಗಂಟೆ ಅಲ್ಪವೆನಿಸಬಹುದು. ಅದು ಒಂದೆರಡು ದಿನ ತಪ್ಪಿದರೆ ಕುದುರೆ ತಾಳಿಕೊಳ್ಳುತ್ತದೆ. ಒಂದೆರಡು ವಾರ ತಪ್ಪಿದರೆ ಮಿದುಳು ಅನುಮತಿ ಕೇಳದೆ, ನಿಂತಿರುವಾಗಲೇ ಕನಸಿನ ನಿದ್ದೆಗೆ ಜಾರುತ್ತದೆ. ಮಂಡಿ ಸಡಿಲಾಗಿ ಮೈ ಕುಸಿಯುತ್ತದೆ, ನೆಲ ಮುಟ್ಟುವಷ್ಟರಲ್ಲಿ ಬೆಚ್ಚಿ ಎಚ್ಚರಾಗುತ್ತದೆ. ನೀವು ನೋಡುತ್ತಿರುವುದು ಇದನ್ನೇ.

ಹಾಗಾದರೆ ಅದು ಮಲಗುತ್ತಿಲ್ಲವೇಕೆ? ಕುದುರೆಗೆ ಮಲಗುವುದೆಂದರೆ ಜೀವವನ್ನು ಒತ್ತೆ ಇಟ್ಟ ಹಾಗೆ. ಎದ್ದು ಓಡಲು ಆಗದ ಆ ಕೆಲವು ನಿಮಿಷಕ್ಕೆ ಅದು ಜಾಗವನ್ನು ನಂಬಬೇಕು, ಪಕ್ಕದಲ್ಲಿ ಇರುವವರನ್ನು ನಂಬಬೇಕು, ಏಳುವಾಗ ತನ್ನ ಕಾಲು ಜಾರುವುದಿಲ್ಲ ಎಂಬ ಧೈರ್ಯವೂ ಬೇಕು. ಇವುಗಳಲ್ಲಿ ಒಂದು ಕೈಕೊಟ್ಟರೂ ಅದು ನಿಂತೇ ರಾತ್ರಿ ಕಳೆಯುತ್ತದೆ. ನಮ್ಮ ಕಡೆಯ ತಬೇಲಾಗಳನ್ನು ಕಟ್ಟುವಾಗ ಕುದುರೆ ತಪ್ಪಿಸಿಕೊಳ್ಳಬಾರದು, ನೆನೆಯಬಾರದು ಎಂದು ಯೋಚಿಸುತ್ತೇವೆ. ಅದು ಮಲಗುವುದು ಎಲ್ಲಿ, ಏಳುವುದು ಹೇಗೆ ಎಂದು ಯೋಚಿಸುವವರು ತೀರ ಕಡಿಮೆ. ಈ ವಿಷಯದಲ್ಲಿ ನನಗೆ ನಿಜಕ್ಕೂ ಸಂಕಟ ಇದೆ, ಏಕೆಂದರೆ ಸರಿಪಡಿಸಲು ಹೆಚ್ಚು ಖರ್ಚೇನೂ ಬೇಕಿಲ್ಲ.

ಈಗ ನಿಮ್ಮ ಎಮ್ಮೆಯ ಕೊಟ್ಟಿಗೆಗೆ ಬರೋಣ. ಎಮ್ಮೆ ಏಳುವುದನ್ನು ನೀವು ಹುಟ್ಟಿದಾಗಿನಿಂದ ನೋಡಿದ್ದೀರಿ. ಮೊದಲು ಮುಂಗಾಲಿನ ಮಂಡಿಯೂರಿ ಹಿಂಭಾಗ ಎತ್ತುತ್ತದೆ, ಆಮೇಲೆ ಮುಂಗಾಲು ನಿಲ್ಲಿಸುತ್ತದೆ. ಕುದುರೆಯದು ಪೂರ್ತಿ ತಿರುಗು ಮುರುಗು. ಅದು ಮೊದಲು ಎರಡೂ ಮುಂಗಾಲು ಮುಂದಕ್ಕೆ ಚಾಚಿ ನೆಲಕ್ಕೆ ಊರುತ್ತದೆ, ತಲೆ ಕತ್ತನ್ನು ಮೇಲಕ್ಕೂ ಮುಂದಕ್ಕೂ ಬೀಸಿ, ಆ ರಭಸದಲ್ಲೇ ಹಿಂಗಾಲಿನಿಂದ ಒಮ್ಮೆಲೇ ನೂಕಿ ಎದ್ದು ನಿಲ್ಲುತ್ತದೆ. ಅಂದರೆ ಅದರ ಮುಂದೆ ಖಾಲಿ ಜಾಗ ಬೇಕು. ಎಮ್ಮೆಯ ಕೊಟ್ಟಿಗೆಯಲ್ಲಿ ಮೂತಿಯ ಮುಂದೆಯೇ ಗ್ವಾದಲಿ, ಅದರ ಹಿಂದೆ ಗೋಡೆ. ಅಲ್ಲಿ ಮಲಗಿದರೆ ಏಳುವಾಗ ಮುಂಗಾಲು ಚಾಚಲು ಎಡೆ ಇಲ್ಲ, ತಲೆ ಬೀಸಿದರೆ ಗ್ವಾದಲಿಯ ಅಂಚಿಗೆ ಬಡಿಯುತ್ತದೆ. ಒಮ್ಮೆ ಹಾಗೆ ಸಿಕ್ಕಿಬಿದ್ದ ಕುದುರೆ ಆ ಜಾಗದಲ್ಲಿ ಮತ್ತೆ ಸುಲಭವಾಗಿ ಮಲಗುವುದಿಲ್ಲ.

ಕಣ್ಣಿಯ ಉದ್ದವೂ ಹಾಗೇ. ಎಮ್ಮೆಗೆ ಗೂಟದ ಹತ್ತಿರವೇ ಗಿಡ್ಡಗೆ ಕಟ್ಟಿದರೂ ಅದು ಕೂತು ಮೆಲುಕು ಹಾಕುತ್ತದೆ. ಕುದುರೆಯ ತಲೆ ನೆಲಕ್ಕೆ ಮುಟ್ಟದಷ್ಟು ಗಿಡ್ಡಗೆ ಕಟ್ಟಿದರೆ ಅದರ ನಿದ್ದೆಗೇ ಕಟ್ಟು ಹಾಕಿದಂತೆ. ಉದ್ದ ಬಿಟ್ಟರೆ ಕಾಲು ಹಗ್ಗಕ್ಕೆ ಸಿಕ್ಕಿ ಗಾಯವಾಗುವ ಭಯ. ಹಳೆಯ ಲಾಯಗಳಲ್ಲಿ ಇದಕ್ಕೊಂದು ಉಪಾಯ ಇತ್ತು: ಗೋಡೆಯಲ್ಲಿ ಉಂಗುರ, ಅದರೊಳಗೆ ಹಾಯ್ದು ಬಂದ ಹಗ್ಗ, ಹಗ್ಗದ ಕೊನೆಗೆ ಒಂದು ಮರದ ಗುಂಡು. ಕುದುರೆ ಮಲಗಿದಾಗ ಹಗ್ಗ ಸರಿದು ಉದ್ದ ಕೊಡುತ್ತದೆ, ಎದ್ದಾಗ ಗುಂಡಿನ ಭಾರಕ್ಕೆ ಸಡಿಲೆಲ್ಲ ಹಿಂದಕ್ಕೆ ಎಳೆದುಕೊಳ್ಳುತ್ತದೆ. ನಿಮ್ಮೂರ ಬಡಿಗ ಒಂದು ಸಂಜೆಯಲ್ಲಿ ಮಾಡಿಕೊಟ್ಟಾನು. ಮುಂಗಾಲಿಗೊಂದು ಹಗ್ಗ, ಹಿಂಗಾಲಿಗೊಂದು ಹಗ್ಗ ಬಿಗಿದು ಅಗಾಡಿ–ಪಿಛಾಡಿ ಹಾಕುವ ಪದ್ಧತಿ ದಂಡಿನ ಕಾಲದಿಂದ ನಮ್ಮ ಕಡೆ ಉಳಿದು ಬಂದಿದೆ. ಬಿಡಾರ ಬಿಟ್ಟ ಒಂದು ರಾತ್ರಿಗೆ ಅದು ಸರಿ, ವರ್ಷಗಟ್ಟಲೆಗೆ ಖಂಡಿತ ಬೇಡ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೆಯ ಕಲಮು ಕೂಡ ಅತಿ ಗಿಡ್ಡ ಅಥವಾ ಅತಿ ಭಾರದ ಹಗ್ಗ, ಸರಪಳಿಯಲ್ಲಿ ಹೆಚ್ಚು ಹೊತ್ತು ಕಟ್ಟಿಡುವುದನ್ನು ಅಪರಾಧ ಎಂದೇ ಹೇಳುತ್ತದೆ.

ಎಲ್ಲಕ್ಕಿಂತ ಒಳ್ಳೆಯದು ಕಟ್ಟದೇ ಬಿಡುವುದು. ಕೊಟ್ಟಿಗೆಯ ಒಂದು ಮೂಲೆಗೆ ಬಿದಿರಿನ ಅಡ್ಡಗಳನ್ನು ಹಾಕಿ ಕೋಣೆ ಮಾಡಿ, ಒಳಗೆ ಸಡಿಲ ಬಿಡಿ. ಎಷ್ಟು ದೊಡ್ಡದಿರಬೇಕು? ಜರ್ಮನಿಯವರ ಲೆಕ್ಕ ಸರಳವಾಗಿದೆ: ಕುದುರೆಯ ಹೆಗಲಿನ ಎತ್ತರ ಅಳೆಯಿರಿ, ಎರಡು ಪಟ್ಟು ಮಾಡಿ, ಅಷ್ಟು ಉದ್ದ ಅಷ್ಟು ಅಗಲ. ನಮ್ಮ ಕಡೆಯ ನಾಲ್ಕೂವರೆ ಅಡಿ ಎತ್ತರದ ಕುದುರೆಗೆ ಒಂಬತ್ತಡಿ ಚೌಕ. ಇದು ಕನಿಷ್ಠ ಅಳತೆ, ಜಾಗ ಇದ್ದರೆ ಹನ್ನೆರಡು ಅಡಿ ಮಾಡಿ. ಇಕ್ಕಟ್ಟಾದರೆ ಪಕ್ಕಕ್ಕೆ ಉರುಳಿದಾಗ ಕಾಲು ಗೋಡೆಗೆ ಸಿಕ್ಕಿ ಏಳಲಾಗದೆ ಒದ್ದಾಡುತ್ತದೆ.

ನೆಲದ ವಿಷಯವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ನಿಮ್ಮದು ಮಳೆಸೀಮೆ. ಮಲಪ್ರಭೆ ಹುಟ್ಟುವ ಕಣಕುಂಬಿಯಿಂದ ಜಾಂಬೋಟಿಯವರೆಗಿನ ಪಟ್ಟಿಗೆ ಬೀಳುವ ಮಳೆ ಬೆಳಗಾವಿ ಪೇಟೆಯ ಮಳೆಗಿಂತ ಎಷ್ಟೋ ಹೆಚ್ಚು. ಜೂನ್‌ನಿಂದ ಸೆಪ್ಟೆಂಬರ್ ಮುಗಿಯುವವರೆಗೆ ಕೊಟ್ಟಿಗೆಯ ನೆಲ ಒಣಗುವುದೇ ಇಲ್ಲ. ಕುದುರೆ ಒದ್ದೆ ನೆಲದಲ್ಲಿ ಮಲಗಲು ಒಪ್ಪುವುದಿಲ್ಲ, ಫರಸಿ ಕಲ್ಲಿನ ಮೇಲೆ ಗೊರಸು ಜಾರುವುದಾದರೂ ಒಪ್ಪುವುದಿಲ್ಲ. ಎಮ್ಮೆಗಾಗಿ ಹಾಸಿದ ನುಣುಪು ಕಲ್ಲು ಅಥವಾ ಸಿಮೆಂಟು ಇದ್ದರೆ ಅದರ ಮೇಲೆ ಗರಸು ಹಾಕಿ ಬಡಿದು, ಹಿಂದಕ್ಕೆ ಸ್ವಲ್ಪ ಇಳಿಜಾರು ಕೊಟ್ಟು, ಉಚ್ಚೆ ಹೊರಗೆ ಹರಿಯುವ ಕಾಲುವೆ ಮಾಡಿ. ಅದರ ಮೇಲೆ ಹಾಸಿಗೆ.

ಹಾಸಿಗೆಗೆ ನಿಮ್ಮಲ್ಲಿ ಭತ್ತದ ಹುಲ್ಲಿನ ಬಣವಿಗೆ ಬರ ಇಲ್ಲ. ಒಣಹುಲ್ಲು ಹಾಸಿದ ಕೋಣೆಯಲ್ಲಿ ಕುದುರೆಗಳು ಮರದ ಹೊಟ್ಟು ಹಾಸಿದಲ್ಲಿಗಿಂತ ಹೆಚ್ಚು ಹೊತ್ತು ಪಕ್ಕಕ್ಕೆ ಉರುಳಿ ಮಲಗುತ್ತವೆ ಎಂದು ಯುರೋಪಿನಲ್ಲಿ ಅಳೆದು ನೋಡಿದ್ದಾರೆ. ದಪ್ಪವೂ ಮುಖ್ಯ. ತೆಳುವಾಗಿ ಉದುರಿಸಿದರೆ ಪ್ರಯೋಜನ ಕಡಿಮೆ. ತುಳಿದು ಒತ್ತಿದ ಮೇಲೂ ಆರು ಇಂಚು ಉಳಿಯಬೇಕು. ಮಂಡಿಯೂರಿ ಪರೀಕ್ಷೆ ಮಾಡಿ: ನಿಮ್ಮ ಮಂಡಿಗೆ ಕೆಳಗಿನ ಗಟ್ಟಿ ನೆಲ ತಾಕಿದರೆ ಅದರ ಮೊಣಕಾಲಿಗೂ ತಾಕುತ್ತದೆ. ಆದರೆ ಮಳೆಗೆ ನೆನೆದು ಬೂಸು ಹಿಡಿದ ಹುಲ್ಲು ಎಂದಿಗೂ ಬೇಡ. ಆ ಬೂಸಿನ ಧೂಳು ಶ್ವಾಸಕೋಶಕ್ಕೆ ಹೋಗಿ ಬಿಡದ ಕೆಮ್ಮು ಶುರುವಾಗುತ್ತದೆ. ಬಣವಿಯ ಬುಡದ ಹುಲ್ಲನ್ನು ಹಾಸಿಗೆಗೆ ಎಂದು ತೆಗೆದಿಡುವ ರೂಢಿ ನಮ್ಮಲ್ಲಿ ಇದೆ, ಅದನ್ನು ಬಿಡಬೇಕು. ಕಬ್ಬಿನ ರವದಿ ಅಗ್ಗವೇನೋ ಹೌದು, ಆದರೆ ಅಂಚು ಹರಿತ, ಧೂಳೂ ಹೆಚ್ಚು. ಹಾಸಿದ ಹುಲ್ಲನ್ನೇ ಕುದುರೆ ತಿನ್ನತೊಡಗಿದರೆ ಹೊಟ್ಟೆ ಕಟ್ಟೀತು, ಹಾಗಾಗಿ ನೀವು ಮಲಗುವ ಮುಂಚೆ ಗ್ವಾದಲಿಯಲ್ಲಿ ಒಳ್ಳೆಯ ಮೇವು ಇರಲಿ. ರಾತ್ರಿ ಹಸಿದ ಕುದುರೆಗೆ ನೆಮ್ಮದಿ ಇರುವುದಿಲ್ಲ.

ಮುಂಜಾನೆ ಒಳಗೆ ಕಾಲಿಟ್ಟಾಗ ಕಣ್ಣು ಉರಿದರೆ ಉಚ್ಚೆಯ ಅಮೋನಿಯಾ ತುಂಬಿದೆ ಎಂದರ್ಥ. ಆ ಹಬೆ ನೆಲದ ಹತ್ತಿರವೇ ಹೆಚ್ಚು, ಕುದುರೆ ಮೂತಿ ಇಡಬೇಕಾದ ಜಾಗದಲ್ಲಿ. ಮಾಡಿನ ಕೆಳಗೆ ಗಾಳಿ ಆಡಲು ಸಂದು ಬಿಡಿ. ಪತ್ರಾಸಿನ ಮಾಡಾದರೆ ಮಳೆಗಾಲದ ರಾತ್ರಿ ಒಳಗೆ ಏನೂ ಕೇಳಿಸುವುದಿಲ್ಲ, ಮತ್ತು ಕೇಳಿಸದಿರುವುದೇ ಕುದುರೆಗೆ ಭಯ. ಪತ್ರಾಸಿನ ಮೇಲೆ ಹುಲ್ಲು ಹೊದಿಸಿದರೆ ಸದ್ದು ಅಡಗುತ್ತದೆ.

ಆ ಭಯವನ್ನು ಹಗುರವಾಗಿ ನೋಡಬೇಡಿ. ಭೀಮಗಡದ ಕಾಡು 2011ರಲ್ಲಿ ವನ್ಯಜೀವಿಧಾಮವಾಯಿತು, ನಿಮ್ಮ ಸೀಮೆಗೆ ಅದು ನೆರೆಮನೆ. ಚಿರತೆ, ಕಾಡುನಾಯಿ, ಕರಡಿಗಳ ವಾಸನೆ ಗಾಳಿಯಲ್ಲಿ ಬಂದರೆ ನಿಮಗಿಂತ ಮೊದಲು ಕುದುರೆಗೆ ತಿಳಿಯುತ್ತದೆ. ಪೇಟೆಯೂ ಇದಕ್ಕೆ ಹೊರತಲ್ಲ. 2022ರ ಆಗಸ್ಟ್‌ನಲ್ಲಿ ಬೆಳಗಾವಿಯ ಜಾಧವ ನಗರದಲ್ಲಿ ಕಾಣಿಸಿಕೊಂಡ ಚಿರತೆ ಗಾಲ್ಫ್ ಮೈದಾನದ ಪೊದೆ ಸೇರಿದಾಗ, ಸುತ್ತಲ ಶಾಲೆಗಳಿಗೆ ರಜೆ ಕೊಟ್ಟು, ಸಕ್ರೆಬೈಲಿನಿಂದ ಆನೆ ತರಿಸಿ ಹುಡುಕಬೇಕಾಗಿ ಬಂದದ್ದು ನಿಮಗೂ ನೆನಪಿರಬಹುದು.

ಒಂಟಿ ಕುದುರೆಗೆ ಈ ಭಯ ಇಮ್ಮಡಿ. ಹಿಂಡಿನಲ್ಲಿ ಎಲ್ಲ ಕುದುರೆಗಳೂ ಒಮ್ಮೆಗೇ ಮಲಗುವುದು ಅಪರೂಪ. ಒಂದಾದರೂ ನಿಂತು ಕಾವಲು ಕಾಯುತ್ತದೆ, ಅದರ ಭರವಸೆಯಲ್ಲಿ ಉಳಿದವು ಕಣ್ಣು ಮುಚ್ಚುತ್ತವೆ. ಚಿಕ್ಕೋಡಿ, ರಾಯಬಾಗ, ಅಥಣಿ ಕಡೆಯ ಕುರುಬರು ಕುದುರೆಯ ಮೇಲೆ ಸಂಸಾರ ಹೇರಿಕೊಂಡು ಕುರಿ ಮೇಯಿಸುತ್ತ ತಿರುಗುವುದನ್ನು ನೋಡಿದ್ದೀರಲ್ಲ. ಗೋಡೆ ಇಲ್ಲ, ಮಾಡಿಲ್ಲ, ದಿನಕ್ಕೊಂದು ಹೊಲ. ಆದರೂ ಆ ಕುದುರೆಗಳ ಸುತ್ತ ರಾತ್ರಿಯಿಡೀ ಕುರಿಯ ಹಟ್ಟಿ ಇದೆ, ನಾಯಿಗಳಿವೆ, ಎಚ್ಚರವಿರುವ ಮನುಷ್ಯರಿದ್ದಾರೆ, ಕೆಳಗೆ ಉತ್ತ ಹೊಲದ ಮೆತ್ತನೆ ಮಣ್ಣಿದೆ. ದಖ್ಖನದ ಕುರಿಗಾರರ ಜೊತೆ ಬೆಳೆದು ಬಂದ ಭೀಮಥಡಿ ಕುದುರೆಯನ್ನು ಕರ್ನಾಲ್‌ನ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಬ್ಯೂರೊ ಈಚೆಗೆ ಪ್ರತ್ಯೇಕ ತಳಿಯಾಗಿ ನೋಂದಾಯಿಸಿದೆ. ಅಂಥ ಕುದುರೆಯನ್ನು ಹಿಂಡಿನಿಂದ ಬಿಡಿಸಿ ತಂದು ಸುಸಜ್ಜಿತ ಶೆಡ್ಡಿನಲ್ಲಿ ಒಂಟಿಯಾಗಿ ಕಟ್ಟಿದರೆ ಅದು ಮೊದಲಿಗಿಂತ ಕಡಿಮೆ ಮಲಗಿದರೂ ನನಗೆ ಆಶ್ಚರ್ಯವಿಲ್ಲ. ನೀವು ಇನ್ನೊಂದು ಕುದುರೆ ತರಬೇಕಿಲ್ಲ. ಒಂದು ಆಡನ್ನೋ ಹಸುವನ್ನೋ ಕಣ್ಣಿಗೆ ಕಾಣುವಂತೆ ಪಕ್ಕದಲ್ಲಿ ಕಟ್ಟಿ ನೋಡಿ. ಎಲ್ಲ ಕುದುರೆಗೂ ಅದು ಸಾಲುವುದಿಲ್ಲ, ಆದರೆ ಎಷ್ಟೋ ಕುದುರೆಗಳು ಒಪ್ಪಿಕೊಳ್ಳುತ್ತವೆ.

ನಿಮ್ಮ ಕುದುರೆ ಪೇಟೆಯಿಂದ ಬಂದದ್ದು ಎಂಬುದನ್ನೂ ಮರೆಯಬಾರದು. ಆಟೋ ಬರುವ ಮುಂಚೆ ಬೆಳಗಾವಿಯಲ್ಲಿ ಸ್ಟೇಷನ್ನು, ಕ್ಯಾಂಪು, ಶಹಾಪುರ ಎಂದು ಟಾಂಗಾ ಓಡುತ್ತಿದ್ದ ಕಾಲದಲ್ಲಿ ಕುದುರೆಯ ದುಡಿಮೆ ಬಹುತೇಕ ಹಗಲಿನದು. ರಾತ್ರಿ ತಬೇಲಾದಲ್ಲಿ ಜೊತೆಯ ಕುದುರೆಗಳೂ ಇರುತ್ತಿದ್ದವು. ಈಗ ಮದುವೆಯ ಕುದುರೆಗೆ ದುಡಿಮೆ ಶುರುವಾಗುವುದೇ ಸಂಜೆ. ಬ್ಯಾಂಡು, ಡಿಜೆ, ಪಟಾಕಿ, ಕಣ್ಣಿಗೆ ಹೊಡೆಯುವ ದೀಪ. ಹಬ್ಬದ ಮೆರವಣಿಗೆಗಳೂ ಕಡಿಮೆಯಿಲ್ಲ. ಗಣಪತಿ ವಿಸರ್ಜನೆ ಮರುದಿನದವರೆಗೂ ನಡೆಯುವ ಊರು ಅದು. ಮನೆಗೆ ಮರಳುವಾಗ ನಡುರಾತ್ರಿ ಮೀರಿರುತ್ತದೆ, ಅಂದರೆ ಕನಸಿನ ನಿದ್ದೆಗೆಂದೇ ಇರುವ ವೇಳೆ ರಸ್ತೆಯಲ್ಲಿ ಕಳೆದಿರುತ್ತದೆ. ಕಟ್ಟುವ ಜಾಗವೋ, ಬೀದಿದೀಪದ ಬೆಳಕು ಬೀಳುವ ರಸ್ತೆಯ ಅಂಚು. ರಾತ್ರಿಯಿಡೀ ದೀಪ ಉರಿದರೆ ಕುದುರೆಯ ನಿದ್ದೆ ಕಡಿಮೆಯಾಗುತ್ತದೆ ಎಂದು ಇಂಗ್ಲೆಂಡಿನಲ್ಲಿ ನಡೆದ ಪರೀಕ್ಷೆಯಲ್ಲಿ ಕಂಡಿದೆ. ಗಾಡಿ ಎಳೆಯುವ, ಹೊರೆ ಹೊರುವ ಪ್ರಾಣಿಗಳನ್ನು ದಿನಕ್ಕೆ ಒಂಬತ್ತು ಗಂಟೆಗಿಂತ ಹೆಚ್ಚು, ಬಿಡುವಿಲ್ಲದೆ ಐದು ಗಂಟೆಗಿಂತ ಹೆಚ್ಚು ದುಡಿಸಬಾರದು ಎಂದು 1965ರ ನಿಯಮ ಇದೆ. ಆ ಗಂಟೆಗಳು ರಾತ್ರಿಯವೇ ಎಂದು ಅದು ಕೇಳುವುದಿಲ್ಲ. ಕೇಳಬೇಕಿತ್ತು ಎಂದು ನನ್ನ ಅಭಿಪ್ರಾಯ. ಮೆರವಣಿಗೆಗೆ ಕುದುರೆ ಕರೆಸುವ ಮನೆಯವರಾದರೂ ರಾತ್ರಿ ಹತ್ತರೊಳಗೆ ಅದನ್ನು ಬಿಟ್ಟುಕೊಟ್ಟರೆ ದೊಡ್ಡ ಉಪಕಾರ.

ಮೇಲೆ ಹೇಳಿದ್ದನ್ನೆಲ್ಲ ಮಾಡಿದ ಮರುದಿನವೇ ಫಲ ಬಯಸಬೇಡಿ. ಕೋಣೆಯೊಳಗಿದ್ದ ಕುದುರೆಗಳನ್ನು ಬಯಲಿಗೆ ಬಿಟ್ಟಾಗ ಮೊದಲ ರಾತ್ರಿ ಒಂದೂ ಮಲಗಲಿಲ್ಲ ಎಂದು ಅದೇ ರುಕಬುಶ್ ಬರೆದಿದ್ದಾರೆ. ಹೊಸ ಜಾಗವನ್ನು ನಂಬಲು ಅದಕ್ಕೆ ಸಮಯ ಬೇಕು. ದಿನವೂ ಒಂದೇ ಹೊತ್ತಿಗೆ ಮೇವು ಹಾಕಿ, ಕತ್ತಲಾದ ಮೇಲೆ ಕೊಟ್ಟಿಗೆಯ ದೀಪ ಆರಿಸಿ, ಹೋಗಿ ಬಂದು ಟಾರ್ಚು ಬಿಡಬೇಡಿ. ಮಲಗಿತೋ ಇಲ್ಲವೋ ತಿಳಿಯಲು ಬೆಳಿಗ್ಗೆ ಮೈ ನೋಡಿದರೆ ಸಾಕು: ಬಾಲದಲ್ಲಿ, ಕತ್ತಿನ ಕೂದಲಲ್ಲಿ ಹುಲ್ಲೆಸಳು, ಪಕ್ಕೆಯ ಮೇಲೆ ಲದ್ದಿಯ ಕಲೆ ಇದ್ದರೆ ಒರಗಿದೆ. ಹಳೆಯ ಮೊಬೈಲನ್ನು ಕಂಬಕ್ಕೆ ಕಟ್ಟಿ ರೆಕಾರ್ಡು ಮಾಡಿದರೂ ಆಯಿತು, ತೀರ ಮಂದ ಬೆಳಕು ಸಾಕು.

ಇಷ್ಟಾಗಿಯೂ ಎರಡು ವಾರದಲ್ಲಿ ಅದು ಮಲಗದಿದ್ದರೆ ನೋವು ಇರಬಹುದು. ವಯಸ್ಸಾದ ಕುದುರೆಗೆ ಸಂಧಿವಾತ ಇದ್ದರೆ ಮಲಗುವುದಕ್ಕಿಂತ ಏಳುವುದು ಕಷ್ಟ; ಅದನ್ನು ತಿಳಿದೇ ಅದು ಮಲಗುವುದಿಲ್ಲ. ಡಾಂಬರು ರಸ್ತೆಯ ಮೇಲೆ ವರ್ಷಗಟ್ಟಲೆ ನಡೆದ ಕುದುರೆಗೆ ಇದು ಅಪರೂಪವಲ್ಲ. ಖಾನಾಪುರದ ಪಶು ಆಸ್ಪತ್ರೆಯಲ್ಲಿ ಕಾಲು ಕೀಲುಗಳನ್ನು ಪರೀಕ್ಷೆ ಮಾಡಿಸಿ, ರಕ್ತವನ್ನೂ ನೋಡಿಸಿ. ನಿಮ್ಮ ಕಡೆ ಮಳೆಗಾಲದಲ್ಲಿ ರಕ್ತ ಹೀರುವ ದೊಡ್ಡ ನೊಣಗಳು ಸರ್ರಾ ಎಂಬ ರೋಗ ಹರಡಬಲ್ಲವು. ಬಿಟ್ಟು ಬಿಟ್ಟು ಬರುವ ಜ್ವರದಿಂದ ಸೊರಗಿದ ಕುದುರೆ ಕೂಡ ತೂಕಡಿಸುವಂತೆಯೇ ಕಾಣುತ್ತದೆ, ನಡಿಗೆ ತಪ್ಪುತ್ತದೆ.

ಇನ್ನೊಂದು ಎಚ್ಚರ. ಇಷ್ಟು ದಿನ ಮಲಗದ ಕುದುರೆ ಒಂದು ದಿನ ಮಲಗಿದ್ದನ್ನು ನೋಡಿ ಖುಷಿಯಾದೀತು. ಆದರೆ ಮಲಗಿ, ಎದ್ದು, ಮತ್ತೆ ಮಲಗಿ, ಉರುಳಾಡಿ, ಹೊಟ್ಟೆಯ ಕಡೆ ತಿರುಗಿ ನೋಡುತ್ತ ಬೆವರುತ್ತಿದ್ದರೆ ಅದು ಹೊಟ್ಟೆಶೂಲೆ. ಮೇವು ತೆಗೆದು, ಬೆಳಗಾಗುವವರೆಗೆ ಕಾಯದೆ ವೈದ್ಯರಿಗೆ ಫೋನ್ ಮಾಡಿ. ಅವರು ಸಿಗದಿದ್ದರೆ ಸಂಚಾರಿ ಪಶು ಚಿಕಿತ್ಸಾ ವಾಹನಕ್ಕೆ 1962.